ಕಂಬದ ಕಾಲು

ನೀಲಾಂಬಿಕಾ ಸುತ್ತಿಗೆಯಿಂದ ಬಸ್ಸಿನ ಕಂಬವನ್ನು ಇನ್ನೊಮ್ಮೆ ಬಡಿದಳು. ಮೊದಲ ಸಲ ತನ್ನ ಕಿವಿಯದೇ ತಪ್ಪು ಅಂದುಕೊಂಡಿದ್ದಳು. ಹುಬ್ಬಳ್ಳಿಯ ಜವಳಿ ಅಂಗಡಿಗಳಲ್ಲಿ ಮಗಳ ಮದುವೆಯ ಸೀರೆ ಹುಡುಕಿ ಆಗಷ್ಟೇ ಬಂದವಳ ತಲೆಯಲ್ಲಿ ಇನ್ನೂ ಅಲ್ಲಿನ ಗದ್ದಲವೇ ತುಂಬಿತ್ತು. ಆದರೆ ಈ ಸಲವೂ ಅದೇ ಸದ್ದು. ಬಸ್ಸಿನ ಹಿಂದಿನ ಕಂಬಗಳು ಗಟ್ಟಿಯಾಗಿ ಟಣ್ ಅನ್ನುತ್ತಿದ್ದರೆ ನಡುವಿನ ಎರಡು ಕಂಬಗಳು ಖಾಲಿ ಡಬ್ಬಿಯ ಹಾಗೆ ಸದ್ದು ಮಾಡುತ್ತಿದ್ದವು. ಕಿಟಕಿಯ ಅಂಚಿನ ರಬ್ಬರನ್ನು ಉಗುರಿನಿಂದ ಎಬ್ಬಿಸಿ ನೋಡಿದಳು. ಕಿಟಕಿಯ ಕೆಳಗಿನವರೆಗೆ ತಾನು ಹಾಕಿಸಿದ್ದ ದಪ್ಪ ಪೈಪು. ಅಲ್ಲಿಂದ ಮೇಲೆ ಅದರ ಅರ್ಧದಷ್ಟು ಸಣ್ಣದು. ಬೆಸುಗೆಯ ಗುರುತು ಕಾಣದಂತೆ ಮೇಲೆ ಬಣ್ಣ ಬೇರೆ ಬಳಿದಿದ್ದರು.

"ಮೆಹಬೂಬ!"

ಶಿಗ್ಗಾಂವಿಯ ಹೆದ್ದಾರಿ ಪಕ್ಕದ ಆ ಶೆಡ್ಡಿನಲ್ಲಿ ವೆಲ್ಡಿಂಗಿನ ಚಟಚಟ ಒಮ್ಮೆಲೇ ನಿಂತಿತು. ನೀಲಾಂಬಿಕಾಳ ತಂದೆಯ ಕಾಲದಿಂದ ಬಸ್ಸಿನ ಬಾಡಿ ಕಟ್ಟುತ್ತಿದ್ದ ಮೆಹಬೂಬ ಕಣ್ಣಿನ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದು ನಿಂತ. ಯಾಕೆ ಕರೆದಳೆಂಬುದು ಅವನಿಗೆ ಕೇಳದೆಯೂ ಗೊತ್ತಿತ್ತು.

"ಈ ಕಂಬಾ ಯಾರು ಕೊಯ್ದ್ರು?"

"ನಾನ ರೀ, ಅಕ್ಕಾರ."

"ಯಾಕ?"

"ಬೀಗರು ಬಂದಿದ್ರು ರೀ."

ಅಷ್ಟು ಹೇಳಿದರೆ ಎಲ್ಲ ಹೇಳಿದಂತೆ ಎಂಬ ಧೈರ್ಯ ಅವನ ಮುಖದಲ್ಲಿತ್ತು. ಬೀಗರೆಂದರೆ ತಿಳವಳ್ಳಿಯ ಭರಮಪ್ಪ. ಬಸ್ಸೂ ಅವನದೇ. ನೀಲಾಂಬಿಕಾಳ ಮಗಳು ಶ್ವೇತಾಳನ್ನು ಅವನ ಮಗ ಚನ್ನೇಶನಿಗೆ ಕೊಡುವುದೆಂದು ನಿಶ್ಚಯವಾಗಿ, ಮದುವೆಗೆ ಒಂದು ತಿಂಗಳು ಉಳಿದಿತ್ತು. ತಿಳವಳ್ಳಿಯಿಂದ ಹಾನಗಲ್ಲಿಗೆ ಅವನ ಬಸ್ಸೊಂದು ಆಗಲೇ ಓಡುತ್ತಿತ್ತು. ಎರಡನೆಯದಕ್ಕೆ ಎಂಜಿನ್ನು ಗಾಲಿಗಳಷ್ಟೇ ಇರುವ ಚಾಸಿ ತಂದು ಈ ಶೆಡ್ಡಿಗೆ ಬಿಟ್ಟಿದ್ದ. ಮೊದಲ ಓಟದಲ್ಲೇ ಮಗನ ದಿಬ್ಬಣ ಅದರಲ್ಲಿ ಬರಬೇಕು, ಶಿಗ್ಗಾಂವಿಯ ಜನ ನಿಂತು ನೋಡಬೇಕು ಎಂಬುದು ಅವನ ಆಸೆ.

ಬೇರೆ ಗಿರಾಕಿ ಬಂದು ಕಂಬ ಕೊಯ್ಯಿ ಅಂದಿದ್ದರೆ ಮೆಹಬೂಬ ಅವನನ್ನು ಗೇಟಿನ ಆಚೆ ಬಿಟ್ಟು ಬರುತ್ತಿದ್ದ. ಅವನ ನಾಲಗೆ ಅಂಥದು. ಆದರೆ ಬಂದವರು ಬೀಗರು. ಖುರ್ಚಿಯ ಧೂಳನ್ನು ತನ್ನ ಹೆಗಲ ವಸ್ತ್ರದಿಂದಲೇ ಒರೆಸಿ ಕೂರಿಸಿದ, ಚಹಾ ತರಿಸಿದ, ಸವಣೂರಿನ ಖಾರಾದ ಪೊಟ್ಟಣ ಬಿಚ್ಚಿಟ್ಟ. ಭರಮಪ್ಪ ಖಾರಾ ಮೆಲ್ಲುತ್ತ, ಇದೇನು ಜೈಲಿನ ಸರಳಿನ ಹಾಗೆ ಕಂಬ ಹಾಕಿದ್ದೀರಿ, ಮದುವೆ ಬಸ್ಸಿಗೆ ದೊಡ್ಡ ಗಾಜು ಬೇಕು, ಮದುಮಗಳು ಹೊರಗಿನವರಿಗೆ ಕಾಣಬೇಕು ಅಂದ. ಇಲ್ಲ ಎಂದರೆ ಬೀಗರಿಗೆ ಬೇಸರ, ಹೂಂ ಎಂದರೆ ಅಕ್ಕನಿಗೆ ಸಿಟ್ಟು. ಮೆಹಬೂಬ ಇಬ್ಬರನ್ನೂ ಸಮಾಧಾನ ಮಾಡುವ ದಾರಿ ಹುಡುಕಿದ: ಕಂಬವನ್ನು ಕಿಟಕಿಯ ಎತ್ತರದಲ್ಲಿ ಕತ್ತರಿಸಿ, ಅಲ್ಲಿ ಸಣ್ಣ ಪೈಪು ಕೂರಿಸಿಬಿಟ್ಟ.

"ಬೀಗರ ಮಾತೂ ನಡೀತು, ಕಂಬಾನೂ ಉಳೀತು ಅಂತ ತಿಳಕೊಂಡೆ ರೀ."

"ಕಂಬಾ ಉಳೀತಪ್ಪಾ. ಒಳಗ ಕುಂತ ಮಂದಿ ಉಳೀಬೇಕಲ್ಲ?"

ನೀಲಾಂಬಿಕಾಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಹಾವೇರಿಯಲ್ಲಿ ಡಿಪ್ಲೊಮಾ ಮುಗಿಸಿ ತಂದೆಯ ಶೆಡ್ಡಿಗೆ ಬಂದ ಹೊಸದರಲ್ಲಿ, ಹಾನಗಲ್ಲ ರಸ್ತೆಯ ತಿರುವಿನಲ್ಲಿ ಮಗುಚಿದ ಯಾವುದೋ ಊರಿನ ಬಸ್ಸೊಂದನ್ನು ಅವಳು ನೋಡಿದ್ದಳು. ಚಾಸಿ ನೆಟ್ಟಗಿತ್ತು, ಗಾಲಿಗಳು ನೆಟ್ಟಗಿದ್ದವು. ಛಾವಣಿ ಮಾತ್ರ ಕಿಟಕಿಯ ಮಟ್ಟಕ್ಕೆ ಬಂದು ಸೀಟುಗಳ ಮೇಲೆ ಕೂತಿತ್ತು. ಅಂದಿನಿಂದ ಅವಳು ಬಸ್ಸನ್ನು ನೋಡುವ ರೀತಿಯೇ ಬದಲಾಯಿತು. ನೆಲದ ಅಡ್ಡಪಟ್ಟಿ, ಎರಡು ಬದಿಗೆ ಎರಡು ಕಂಬ, ಮೇಲೆ ಛಾವಣಿಯ ಕಮಾನು, ಇವು ನಾಲ್ಕೂ ಸೇರಿ ಒಂದು ಬಳೆ. ಅಂಥ ಬಳೆಗಳನ್ನು ಸಾಲಾಗಿ ನಿಲ್ಲಿಸಿ ಉದ್ದಕ್ಕೆ ಜೋಡಿಸಿದರೆ ಬಸ್ಸು. ಬಸ್ಸು ಅಡ್ಡ ಬಿದ್ದಾಗ ಬಳೆ ಬಾಗಬಹುದು, ಒಡೆಯಬಾರದು. ಒಳಗೆ ಕೂತವರ ತಲೆ ಎದೆಗಳಿಗೆ ಜಾಗ ಉಳಿಯಬೇಕು. ಸರಕಾರದ ನಿಯಮವೂ ಇದನ್ನೇ ಹೇಳುತ್ತದೆ, ಆದರೆ ಅವಳು ನಿಯಮ ಓದುವ ಮೊದಲೇ ದಪ್ಪ ಕಂಬ ಹಾಕಲು ಶುರುಮಾಡಿದ್ದಳು. ಸವಣೂರಿನವರು ವೀಳ್ಯದೆಲೆಯ ಹೆಡಿಗೆ ಹೇರಲು ಛಾವಣಿಯ ಮೇಲೆ ಕ್ಯಾರಿಯರ್ ಕೇಳಿದಾಗಲೂ ಆಗುವುದಿಲ್ಲವೆಂದು ಕಳಿಸಿದ್ದಳು. ಹೊರಗಿನವರಿಗೆ ಇಲ್ಲ ಅನ್ನುವುದು ಅವಳಿಗೆ ಎಂದೂ ಕಷ್ಟವಾಗಿರಲಿಲ್ಲ.

ಮನೆಯಲ್ಲಿ ಗಂಡ ಮೃತ್ಯುಂಜಯ ಸುದ್ದಿ ಕೇಳಿ, ಉಣ್ಣುತ್ತಿದ್ದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ಅವನು ಯುದ್ಧಗಳ ಬಗ್ಗೆ ಎಷ್ಟು ಚೆಂದ ಮಾತಾಡುತ್ತಿದ್ದನೋ ಮನೆಯ ಜಗಳಕ್ಕೆ ಅಷ್ಟೇ ಹೆದರುತ್ತಿದ್ದ.

"ಮದುವಿ ಮುಗೀಲಿ, ನೀಲಾ. ಆಮ್ಯಾಲೆ ಬಸ್ಸು ಹೊಳ್ಳಿ ತರಿಸಿ ನಿನ್ನ ದಪ್ಪ ಕಂಬಾ ಹಾಕ್ಕೊ. ಬೀಗರ ಮಾತು ಮುರೀಬ್ಯಾಡ."

"ಮೊದಲನೇ ದಿನ ಅದರಾಗ ಯಾರು ಕುಂದರತಾರ, ಮಾಸ್ತರ? ನಮ್ಮ ಹುಡುಗಿ, ಅವರ ಹುಡುಗ."

"ಮೊದಲನೇ ದಿನಾನ ಬೀಳತೈತೇನು?"

"ಎಂದು ಬೀಳತೈತಿ ಅಂತ ಬಸ್ಸು ನನಗ ಹೇಳಿ ಬೀಳೂದಿಲ್ಲ."

ಅವಳು ಅಲ್ಲೇ ಕೂತು ತಿಳವಳ್ಳಿಗೆ ಫೋನು ಮಾಡಿ, ಸಣ್ಣ ಕಂಬ ತೆಗೆಸುತ್ತಿದ್ದೇನೆ ಎಂದು ತಿಳಿಸಿದಳು.

ಮರುದಿನ ಬೆಳಿಗ್ಗೆ ಭರಮಪ್ಪ ಮಗನನ್ನು ಕರೆದುಕೊಂಡು ಶೆಡ್ಡಿಗೆ ಬಂದ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೆಹಬೂಬ ಮತ್ತೆ ಖುರ್ಚಿ ತಂದ. ಈ ಸಲ ಭರಮಪ್ಪ ಕೂರಲಿಲ್ಲ.

"ನಾ ದುಡ್ಡು ಕೊಟ್ಟು ಮಾಡಸೋ ಬಸ್ಸು, ಬೀಗತ್ಯಾರ. ಅದರಾಗ ನನ್ನ ಮಾತಿಗೆ ಒಂದು ಗಾಜಿನಷ್ಟೂ ಕಿಮ್ಮತ್ತಿಲ್ಲೇನು?"

"ನಿಮ್ಮ ಮಾತಿಗೆ ಕಿಮ್ಮತ್ತೈತ್ರಿ. ಆದ್ರ ಈ ಕಂಬದ ಮ್ಯಾಲೆ ನಲವತ್ತು ಮಂದಿ ಜೀವ ಐತಿ."

"ಊರ ತುಂಬ ದೊಡ್ಡ ಗಾಜಿನ ಬಸ್ಸು ಓಡಾಡಾಕತ್ತಾವು. ಎಲ್ಲಾರೂ ಹುಚ್ಚರು, ನೀವೊಬ್ಬರ ಶಾಣ್ಯಾರ?"

ನೀಲಾಂಬಿಕಾ ಸುತ್ತ ನೋಡಿದಳು. ವೆಲ್ಡರುಗಳು ಕೆಲಸ ಬಿಟ್ಟು ನಿಂತಿದ್ದರು. ಬಾಗಿಲಲ್ಲಿ ಶ್ವೇತಾ ನಿಂತಿದ್ದಳು.

"ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಾಳೆ ನಿಮ್ಮ ಸೊಸಿ ಕೈಗೆ ಬಳಿ ಇಡಸ್ತೀರಿ. ಸೀಳು ಬಿಟ್ಟ ಬಳಿ ಇಡಸ್ತೀರೇನ್ರಿ?"

ಭರಮಪ್ಪನ ಮುಖ ಕೆಂಪಾಯಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ನೀಲಾಂಬಿಕಾ ಗೆದ್ದಳೆಂದೇ ಲೆಕ್ಕ. ಆದರೆ ಗೆಲ್ಲುವ ಹುಮ್ಮಸ್ಸು ಅವಳನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ದೂಡಿತು.

"ಸೋಮವಾರ ಬರ್ರಿ. ಎರಡು ಕಿಟಕಿಯಷ್ಟು ಉದ್ದದ್ದು ಎರಡು ತುಂಡು ಕಟ್ಟಸ್ತೇನಿ. ಒಂದು ನೀವು ಹೇಳಿದಂಗ, ಒಂದು ನಾ ಹೇಳಿದಂಗ. ಎರಡೂ ನಿಮ್ಮ ಕಣ್ಣ ಮುಂದ ಲಾರಿ ಹೇರೋ ಕಟ್ಟಿ ಮ್ಯಾಲಿಂದ ಕೆಡವತೇನಿ. ನಂದು ನಿಂತ್ರ ನನ್ನ ಮಾತು ನಡೀಬೇಕು."

"ನಿಲ್ಲಲಿಲ್ಲಂದ್ರ?"

"ಗಾಜು ನಿಮ್ಮ ಮನಸ್ಸಿನಂಗ. ಹೆಂಗ ಹೇಳ್ತೀರಿ ಹಂಗ ಬಸ್ಸು ಮದುವಿಗೆ ಬರತೈತಿ. ಇದು ನನ್ನ ಮಾತು."

ಸೋಮವಾರ ಶೆಡ್ಡಿನ ಹಿಂದೆ ಜಾತ್ರೆಯಂತಾಯಿತು. ಲಾರಿಗೆ ಸಾಮಾನು ಹೇರುವ ಕಟ್ಟೆಯ ಅಂಚಿಗೆ ಮೊದಲ ತುಂಡನ್ನು ನಿಲ್ಲಿಸಿದ್ದರು. ತಗಡಿಲ್ಲ, ಬಣ್ಣವಿಲ್ಲ, ಬರೀ ಪೈಪಿನ ಹಂದರ. ಒಳಗೆ ಒಂದು ಸೀಟು, ಸೀಟಿನ ಮೇಲೆ ಗೋವಿನಜೋಳದ ಚೀಲವನ್ನು ಮನುಷ್ಯ ಕೂತಂತೆ ನೆಟ್ಟಗೆ ಕಟ್ಟಿದ್ದರು. ಪಕ್ಕದ ಹೊಲದವರು, ಪಂಕ್ಚರ್ ಅಂಗಡಿಯವರು, ಎಲ್ಲರೂ ಬೇಲಿಗೆ ಒರಗಿದ್ದರು. ಚನ್ನೇಶ ವಿಡಿಯೋ ತೆಗೆಯಲು ಮೊಬೈಲು ಹಿಡಿದು ಒಂದು ಮೂಲೆಯಲ್ಲಿ ನಿಂತ, ಶ್ವೇತಾ ಇನ್ನೊಂದು ಮೂಲೆಯಲ್ಲಿ. ಮೃತ್ಯುಂಜಯ ಮಾತ್ರ ನೋಡಲಾರೆನೆಂದು ಶೆಡ್ಡಿನೊಳಗೆ ಹೋಗಿ, ಅಲ್ಲಿಂದ ಸಂದಿಯಲ್ಲಿ ನೋಡುತ್ತಿದ್ದ.

ಜೆಸಿಬಿ ಮೆಲ್ಲಗೆ ದೂಡಿತು. ಹಂದರ ವಾಲಿತು, ಒಂದು ಕ್ಷಣ ಅಂಚಿನಲ್ಲಿ ನಿಂತಂತಾಗಿ ಕೆಳಗೆ ಬಿತ್ತು. ಧೂಳು ಇಳಿದ ಮೇಲೆ ನೋಡಿದರೆ ಕಿಟಕಿಯ ಮಟ್ಟದಲ್ಲಿ ಸಣ್ಣ ಕಂಬಗಳು ಮಡಚಿಹೋಗಿದ್ದವು. ಕಮಾನು ಬಂದು ಚೀಲದ ಮೇಲೆ ಕೂತಿತ್ತು, ಚೀಲ ಹರಿದು ಕಾಳು ಸುರಿಯುತ್ತಿತ್ತು. ಬೇಲಿಯ ಬಳಿ ಯಾರೋ ಶಿವಶಿವಾ ಅಂದರು. ಮೆಹಬೂಬ ತನ್ನ ಎರಡೂ ಕಿವಿ ಹಿಡಿದುಕೊಂಡ.

ನೀಲಾಂಬಿಕಾ ಎರಡನೆಯ ತುಂಡನ್ನು ಕಟ್ಟೆಗೆ ಏರಿಸಿದಳು. ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿ, ತಾನೇ ಕೈ ಬೀಸಿ ಜೆಸಿಬಿಯವನಿಗೆ ಹೇಳಿದಳು.

ಹಂದರ ಬಿತ್ತು. ದಪ್ಪ ಕಂಬಗಳು ಬಾಗಲೂ ಇಲ್ಲ. ಆದರೆ ಬುಡದಲ್ಲಿ, ಕಂಬ ನೆಲದ ಅಡ್ಡಪಟ್ಟಿಗೆ ಕೂಡುವಲ್ಲಿ, ಬೆಸುಗೆ ಬಟ್ಟೆ ಹರಿದಂತೆ ಹರಿದು, ಇಡೀ ಪಕ್ಕ ಒಳಕ್ಕೆ ವಾಲಿತು. ನೆಟ್ಟಗಿದ್ದ ಕಂಬ ನೆಟ್ಟಗೇ ಹೋಗಿ ಚೀಲವನ್ನು ಸೀಟಿನಿಂದ ತಳ್ಳಿ ಕೆಡವಿತು.

ಭರಮಪ್ಪ ಕಟ್ಟೆಯ ಅಂಚಿಗೆ ಬಂದು ಬಗ್ಗಿ ನೋಡಿದ.

"ನಿಮ್ಮದೂ ಬಿತ್ತಲ್ರಿ, ಬೀಗತ್ಯಾರ."

ನೀಲಾಂಬಿಕಾ ಕೇಳಿಸಿಕೊಂಡಳೋ ಇಲ್ಲವೋ, ಬಿದ್ದ ಹಂದರದ ಹತ್ತಿರ ಮೊಣಕಾಲೂರಿ ಕೂತಿದ್ದಳು. ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. ಇನ್ನೊಂದು ಕಂಬದ ಬುಡ ನೋಡಿದಳು, ಅಲ್ಲೂ ಹಾಗೆಯೇ ಹರಿದಿತ್ತು. ಮೊದಲು ಅವಳ ಮುಖದ ಬಣ್ಣ ಇಳಿಯಿತು. ಆಮೇಲೆ, ಎಲ್ಲರೂ ನೋಡುತ್ತಿರುವಾಗಲೇ, ಅವಳು ನಕ್ಕಳು.

"ಮೆಹಬೂಬ, ಬಾ ಇಲ್ಲೆ, ಸಿಕ್ತು ನೋಡು! ಇಷ್ಟು ವರ್ಷ ನಾವು ಕಿಟಕಿ ಕಿಟಕಿ ಅಂತ ಮ್ಯಾಲೆ ನೋಡಕೋತ ಕುಂತಿವಿ. ಕಂಬ ಗಟ್ಟಿ ಆತು, ಬಿದ್ದ ಪೆಟ್ಟೆಲ್ಲ ಕಾಲಿಗೆ ಇಳೀತು. ಕಾಲಿಗೆ ಏನೂ ಆಸರಾನ ಕೊಟ್ಟಿಲ್ಲ ನಾವು."

"ಹೌದಲ್ರಿ ಅಕ್ಕಾರ!" ಅವನೂ ಕೂತ. "ಕಂಬಾ ಅಡ್ಡಪಟ್ಟಿ ಮ್ಯಾಲೆ ಕುಂದ್ರಸೂ ಬದಲಿ ಪಕ್ಕದಿಂದ ಕೆಳಗ ಇಳಿಸಬೇಕ್ರಿ. ಮೂಲ್ಯಾಗ ಎರಡೂ ಕಡೆ ಮುಕ್ಕೋಣದ ತಗಡು."

"ದಪ್ಪ ತಗಡು. ಸುತ್ತಲೂ ಬೆಸುಗಿ."

ಇಬ್ಬರೂ ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯತೊಡಗಿದರು. ಭರಮಪ್ಪ ಹತ್ತಿರ ಬಂದು ನಿಂತ.

"ಮಾತು ಕೊಟ್ಟಿದ್ರಿ ನೀವು."

ನೀಲಾಂಬಿಕಾ ಎದ್ದು ಕೈ ಒರೆಸಿಕೊಂಡಳು. ನಗು ಹೋಗಿತ್ತು. ಹೆಣ್ಣು ಕೊಡುವವರು ಬೀಗರಿಗೆ ಕೊಟ್ಟ ಮಾತು ಎಂಥದೆಂದು ಅವಳಿಗೆ ಗೊತ್ತಿರಲಿಲ್ಲವೇ? ಆದರೂ ಹಿಂಜರಿಯದೆ ಹೇಳಿದಳು.

"ಕೊಟ್ಟಿದ್ದೆ ರೀ. ತಪ್ಪತೇನಿ. ಮಾತಿಗೆ ತಪ್ಪಿದಾಕಿ ಅಂತ ಊರ ತುಂಬ ಹೇಳ್ರಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ಬಸ್ಸು ಹಿಂಗ ಈ ಗೇಟು ದಾಟೂದಿಲ್ಲ. ನೆಲದ ಹಲಗಿ ಎಲ್ಲಾ ಬಿಚ್ಚಿ ಕಾಲು ಗಟ್ಟಿ ಮಾಡಬೇಕು. ಮದುವಿಗೆ ಆಗೂದಿಲ್ಲ."

"ಆಗೂದಿಲ್ಲ?"

"ಆಗೂದಿಲ್ಲರಿ. ಅಷ್ಟ ಅಲ್ಲ. ತಿಳವಳ್ಳಿಗೆ ಓಡಾಡೋ ನಿಮ್ಮ ಹಳೇ ಬಸ್ಸೂ ನಾನ ಕಟ್ಟಿದ್ದು. ಅದರ ಕಾಲೂ ಹಿಂಗ ಅದಾವು. ಅದನ್ನೂ ತಂದು ಬಿಡ್ರಿ."

ಮದುವೆಯ ಹಂಗಾಮಿನಲ್ಲಿ ಓಡುವ ಬಸ್ಸನ್ನು ನಿಲ್ಲಿಸು ಅಂದರೆ ಯಾರಿಗಾದರೂ ಪಿತ್ತ ನೆತ್ತಿಗೇರದೆ ಇರುವುದಿಲ್ಲ. ಭರಮಪ್ಪ ಮಗನ ಕಡೆ ತಿರುಗಿದ. "ನಡಿ," ಅಂದ. ಗೇಟಿನ ಬಳಿ ನಿಂತು, ಯಾರ ಮುಖವನ್ನೂ ನೋಡದೆ, "ಮದುವಿ ಸುದ್ದಿ ಆಮ್ಯಾಲೆ ಹೇಳಿ ಕಳಸ್ತೇನಿ," ಅಂದು ಹೊರಟುಹೋದ.

ಆಮೇಲೆ ತಿಳವಳ್ಳಿಯಿಂದ ಸುದ್ದಿಯೇ ಇಲ್ಲ. ಮೃತ್ಯುಂಜಯ ದಿನಾ ಫೋನು ನೋಡುವುದು, ಇಡುವುದು. ಲಗ್ನಪತ್ರಿಕೆಯ ಕಟ್ಟುಗಳು ಹಂಚದೆ ಕಪಾಟಿನಲ್ಲಿದ್ದವು. ನೀಲಾಂಬಿಕಾ ಶೆಡ್ಡಿನಲ್ಲಿ ಕೂತು ತಾನು ಕಟ್ಟಿದ ಬಸ್ಸುಗಳ ಮಾಲಕರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡುತ್ತಿದ್ದಳು. ಹಿರೇಬೆಂಡಿಗೇರಿಯ ಶಾಲೆಯವರು ಕೂಡಲೇ ಬಸ್ಸು ತಂದು ಬಿಟ್ಟರು. ಹಿರೇಕೆರೂರಿನವರು ನೋಡೋಣ ಅಂದರು. ಸವಣೂರಿನವನೊಬ್ಬ ಮಾತ್ರ, "ನಿನ್ನೆ ತನಕಾ ಗಟ್ಟಿ ಅಂತಿದ್ರಿ, ಇವತ್ತ ಸಡಲ ಅಂತೀರಿ. ನಾಳೆ ಏನಂತೀರಿ?" ಎಂದು ನಕ್ಕ. ಅವಳು ನಗಲಿಲ್ಲ. "ನಾಳೆ ಮತ್ತೇನರ ಗೊತ್ತಾದ್ರ ಮತ್ತ ಫೋನ್ ಮಾಡ್ತೇನಿ. ಬಸ್ಸು ತಂದು ಬಿಡ್ರಿ," ಅಂದಳು.

"ನಮ್ಮ ಕಾಲ ಮ್ಯಾಲೆ ನಾವ ಕೊಡ್ಲಿ ಹಾಕ್ಕೊಳ್ಳಾಕತ್ತೇವಿ," ಅಂದ ಮೃತ್ಯುಂಜಯ.

ಅವಳಿಗೂ ಹೆದರಿಕೆಯಿತ್ತು. ಸುಳ್ಳೇಕೆ? ಒಂದು ಮಧ್ಯಾಹ್ನ ಬುತ್ತಿ ತಂದ ಶ್ವೇತಾಳನ್ನು ಕೂರಿಸಿಕೊಂಡು ಕೇಳಿಯೇಬಿಟ್ಟಳು.

"ನನ್ನ ಹಟಕ್ಕ ನಿನ್ನ ಮದುವಿ ಮುರೀತಂದ್ರ ಏನ್ ಮಾಡ್ತೀ?"

"ಅಳತೇನಿ," ಅಂದಳು ಶ್ವೇತಾ. ಬುತ್ತಿಯನ್ನು ತಾಯಿಯ ಮುಂದೆ ಸರಿಸಿ, "ಆದ್ರ ಆ ಚೀಲ ಸೀಟಿನಿಂದ ಬಿದ್ದದ್ದು ನಾನೂ ನೋಡೇನಿ, ಅವ್ವಾ. ನೀ ಹಂಗ ಬಸ್ಸು ಕಳಿಸಿದ್ರ ನಾ ಅದರಾಗ ಹತ್ತತಿದ್ದಿಲ್ಲ," ಅಂದಳು.

"ಚನ್ನೇಶ ಏನಂತಾನ?"

"ಅವಾ ದಿನಾ ಫೋನ್ ಮಾಡ್ತಾನ. ಅವರಪ್ಪ ಏನೂ ಅನ್ನೂದಿಲ್ಲಂತ. ಉಂಡು ಕುಂತಾಗೆಲ್ಲಾ ಮೊಬೈಲು ಇಸಗೊಂಡು ಅವತ್ತಿನ ವಿಡಿಯೋ ನೋಡ್ತಾರಂತ."

"ಅವರ ಕಂಬಾ ಮಡಚಿದ್ದನೋ, ನಂದು ಹರಿದದ್ದನೋ?"

"ಎರಡೂ ಅಲ್ಲಂತ. ನಿಂದು ಹರದ ಮ್ಯಾಲೆ ನೀ ನಕ್ಕಿಯಲ್ಲ, ಅದನ್ನ ಹೊಳ್ಳಿ ಹೊಳ್ಳಿ ನೋಡ್ತಾರಂತ."

ನೀಲಾಂಬಿಕಾ ಬುತ್ತಿ ಬಿಚ್ಚಿ ಉಣ್ಣತೊಡಗಿದಳು.

ಮೂರನೆಯ ತುಂಡನ್ನು ಕೆಡವಿದ ದಿನ ಬೇಲಿಯ ಬಳಿ ಯಾರೂ ಇರಲಿಲ್ಲ. ಕಂಬಗಳನ್ನು ಅಡ್ಡಪಟ್ಟಿಯ ಪಕ್ಕದಿಂದ ಕೆಳಗಿಳಿಸಿ, ಬುಡದ ಎರಡೂ ಕಡೆ ಮುಕ್ಕೋಣದ ದಪ್ಪ ತಗಡು ಕೂರಿಸಿದ್ದರು. ಬಿದ್ದ ಪೆಟ್ಟಿಗೆ ಕಂಬಗಳು ಒಂದಿಷ್ಟು ಬಾಗಿದವು, ಕಮಾನು ಸೊಟ್ಟಗಾಯಿತು, ಎಲ್ಲೂ ಹರಿಯಲಿಲ್ಲ. ಚೀಲ ಸೀಟಿನಲ್ಲಿ ಕಟ್ಟಿದಂತೆಯೇ ಇತ್ತು. ಮೆಹಬೂಬ ಅದರ ಬೆನ್ನು ತಟ್ಟಿ, "ಆರಾಮ ಅದೀರೇನ್ರಿ, ಸಾಹುಕಾರ?" ಎಂದು ಕೇಳಿದ. ಆಳುಗಳೆಲ್ಲ ನಕ್ಕರು. ನೀಲಾಂಬಿಕಾಳ ಕಣ್ಣಲ್ಲಿ ನೀರು ಬಂತು; ಧೂಳು ಅಂದಳು.

ಎರಡು ದಿನ ಬಿಟ್ಟು ಹಾನಗಲ್ಲಿನ ಕಡೆಯಿಂದ ಒಂದು ಖಾಲಿ ಬಸ್ಸು ಬಂದು ಶೆಡ್ಡಿನ ಮುಂದೆ ನಿಂತಿತು. ಭರಮಪ್ಪನ ಹಳೆಯ ಬಸ್ಸು. ಡ್ರೈವರು ಇಳಿದು ಬಂದು ಕೀಲಿ ಕೊಟ್ಟ.

"ಸಾಹುಕಾರ್ರು ಕಳಿಸ್ಯಾರ್ರಿ. ಇದರ ಕಾಲೂ ನೋಡ್ರಿ ಅಂದಾರ."

"ಮತ್ತೇನಂದ್ರು?"

"ಅಷ್ಟರಿ. ಹಾಂ, ಅವಸರ ಮಾಡಬ್ಯಾಡ್ರಿ, ಪಕ್ಕಾ ಆಗಲಿ ಅಂದಾರ."

ನೀಲಾಂಬಿಕಾ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗಂಡನಿಗೆ ಫೋನು ಮಾಡಿದಳು. "ಮಾಸ್ತರ, ಲಗ್ನಪತ್ರಿಕಿ ಹಂಚ್ರಿ," ಅಂದಳು.

ಮದುವೆಯ ದಿನ ತಿಳವಳ್ಳಿಯ ದಿಬ್ಬಣ ಬಾಡಿಗೆಯ ಕೆಂಪು ಸರಕಾರಿ ಬಸ್ಸಿನಲ್ಲಿ ಬಂದು ಇಳಿಯಿತು. ಕಲ್ಯಾಣಮಂಟಪ ಶೆಡ್ಡಿನಿಂದ ನಾಲ್ಕು ಹೆಜ್ಜೆ. ಎದುರುಗೊಳ್ಳಲು ನಿಂತಿದ್ದ ನೀಲಾಂಬಿಕಾಳಿಗೆ ಬೀಗರ ಕಡೆಯ ಹಿರಿಯನೊಬ್ಬ ಭರಮಪ್ಪನನ್ನು ಕಿಚಾಯಿಸುವುದು ಕೇಳಿಸಿತು. ಎರಡು ಬಸ್ಸಿನ ಧಣಿ ಮಗನ ಮದುವೆಗೆ ಬಾಡಿಗೆ ಬಸ್ಸು ತಂದನಲ್ಲ ಅಂದ ಅವನು. ಭರಮಪ್ಪ ರುಮಾಲು ಸರಿಮಾಡಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ ಹೇಳಿದ.

"ಎರಡೂ ನಮ್ಮ ಬೀಗತಿ ಹಂತೇಕ ಅದಾವು. ಕಾಲು ಗಟ್ಟಿ ಮಾಡಸಾಕತ್ತೇನಿ. ನೀ ದಿನಾ ಹತ್ತತಿಯಲ್ಲ, ಆ ಬಸ್ಸಿನ ಕಾಲು ಎಂದರ ನೋಡಿಯೇನು?"

ಅಕ್ಕಿಕಾಳು ಬಿದ್ದವು, ಊಟದ ಹೊತ್ತಾಯಿತು. ಬೀಗರ ಪಂಕ್ತಿ ಕೂರದೆ ಯಾರೂ ಕೂರುವಂತಿಲ್ಲ. ಎಲೆ ಹಾಕಿ, ಗೋಧಿ ಹುಗ್ಗಿ ಬಡಿಸಿ ಕಾದರೆ ಬೀಗರ ಕಡೆಯ ಗಂಡಸರು ಒಬ್ಬರೂ ಇಲ್ಲ. ಏನು ತಪ್ಪಾಯಿತೋ ಎಂದು ಮೃತ್ಯುಂಜಯ ಬೆವರಿದ. ನೀಲಾಂಬಿಕಾ ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು ರಸ್ತೆಗೆ ಬಂದಳು. ಶೆಡ್ಡಿನ ಗೇಟು ತೆರೆದಿತ್ತು.

ಒಳಗೆ ಹೊಸ ಬಸ್ಸು ತಗಡೆಲ್ಲ ಬಿಚ್ಚಿಸಿಕೊಂಡು ಬರೀ ಕಂಬಗಳಲ್ಲಿ ನಿಂತಿತ್ತು. ಅದರ ಸುತ್ತ ರುಮಾಲಿನ ಹಿರಿಯರು ಸೊಂಟ ಬಗ್ಗಿಸಿ, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು, ಅಡಿಗೆ ಹಣಿಕಿಕ್ಕುತ್ತಿದ್ದರು. ಭರಮಪ್ಪ ಎಲ್ಲೂ ಕಾಣಲಿಲ್ಲ. ಮಡಚಿದ ಅವನ ಜರಿಯ ಶಲ್ಯ ಮೆಹಬೂಬನ ತೋಳಿನ ಮೇಲಿತ್ತು. ಬಸ್ಸಿನ ಕೆಳಗಿನಿಂದ ಹೊಸ ಧೋತರದ ಎರಡು ಕಾಲು ಮಾತ್ರ ಹೊರಗೆ ಚಾಚಿದ್ದವು, ಒಳಗಿನಿಂದ ಅವನ ದನಿ ಬರುತ್ತಿತ್ತು.

"ಇನ್ನಷ್ಟು ಬಗ್ಗರಿ. ಹಂಗ ನಿಂತ್ರ ಕಾಣೂದಿಲ್ಲ."